ಮನೆಯ ಹಿರಿಯರ ಬಿಪಿ: ಕೂರಿಸಿ ನೋಡಿ, ನಿಲ್ಲಿಸಿಯೂ ನೋಡಿ

ವಯಸ್ಸಿಗೆ ನೂರು ಕೂಡಿಸಿ, ಬಂದ ಸಂಖ್ಯೆಯೇ ಸರಿಯಾದ ಬಿಪಿ ಅನ್ನುವ ಲೆಕ್ಕ ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಆ ಲೆಕ್ಕ ಹಿಡಿದರೆ 75ರ ಅಜ್ಜಿಗೆ 175 ಇದ್ದರೂ ಚಿಂತೆ ಇಲ್ಲ. ದಯವಿಟ್ಟು ಇದನ್ನು ಬಿಟ್ಟುಬಿಡಿ. ಅಮೆರಿಕದ ಶೆಪ್ ಅಧ್ಯಯನ 60 ದಾಟಿದವರನ್ನೇ ಆರಿಸಿಕೊಂಡು ನಡೆದಿತ್ತು. ಮೇಲಿನ ಸಂಖ್ಯೆ 160 ಮುಟ್ಟಿದವರಿಗೆ ಮಾತ್ರೆ ಕೊಟ್ಟಾಗ ಲಕ್ವ ಹೊಡೆಯುವುದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಇಳಿಯಿತು. ಅದರ ಫಲಿತಾಂಶ ಬಂದದ್ದು 1991ರಲ್ಲಿ. 2008ರಲ್ಲಿ ಬಂದ ಹೈವೆಟ್ ಅಧ್ಯಯನ 80 ದಾಟಿದವರಲ್ಲೂ ಮಾತ್ರೆಯಿಂದ ಲಾಭ ಇದೆ ಅಂತ ತೋರಿಸಿತು. ಹಾಗಾಗಿ "ಈ ವಯಸ್ಸಲ್ಲಿ ಇನ್ನೇನು ಬಿಪಿ ಮಾತ್ರೆ" ಅನ್ನುವ ಮಾತು ನಿಲ್ಲುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಸಂಖ್ಯೆ ನೋಡಿ ಗಾಬರಿಯಾಗಿ ಮಾತ್ರೆಯ ಮೇಲೆ ಮಾತ್ರೆ ಏರುತ್ತದೆ. ಹಿರಿಯರು ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬಚ್ಚಲಲ್ಲಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಆ ವಯಸ್ಸಲ್ಲಿ ಮತ್ತೆ ಮೊದಲಿನ ಹಾಗೆ ಓಡಾಡುವುದು ಎಷ್ಟು ಕಷ್ಟ ಅಂತ ಕಂಡವರಿಗೆ ಗೊತ್ತು. ಲಕ್ವವೂ ಆಗಬಾರದು, ಬೀಳಲೂಬಾರದು. ಈ ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು. ಮಾತ್ರೆ ಬದಲಿಸುವ ನಿರ್ಧಾರ ಡಾಕ್ಟರದ್ದೇ. ಆದರೆ ಆ ನಿರ್ಧಾರಕ್ಕೆ ಬೇಕಾದ ಮಾಹಿತಿ ಇರುವುದು ಮನೆಯವರ ಹತ್ತಿರ. ಅದನ್ನು ಹೇಗೆ ಕೂಡಿಹಾಕುವುದು, ಅದರ ಜೊತೆಗೆ ಮನೆಯಲ್ಲಿ ಏನೇನು ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ.

ಹಂತ 1: ವಯಸ್ಸಾದ ಮೇಲೆ ಒಳಗೆ ಏನಾಗುತ್ತದೆ

ಮೇಲಿನ ಸಂಖ್ಯೆ ಹೃದಯ ರಕ್ತವನ್ನು ಒತ್ತಿ ತಳ್ಳಿದಾಗಿನ ಒತ್ತಡ. ಕೆಳಗಿನದು ಹೃದಯ ಎರಡು ಬಡಿತದ ನಡುವೆ ಸಡಿಲವಾಗಿದ್ದಾಗಿನದು. ಹರೆಯದಲ್ಲಿ ರಕ್ತನಾಳ ಹಿಗ್ಗಿ ಕುಗ್ಗಿ ಈ ಎರಡನ್ನೂ ಒಂದು ಅಂದಾಜಿನಲ್ಲಿ ಇಡುತ್ತದೆ. ವರ್ಷ ಕಳೆದ ಹಾಗೆ ಅದು ಬಿಸಿಲಿಗೆ ಬಿದ್ದ ಹಳೇ ರಬ್ಬರ್ ಪೈಪಿನ ಹಾಗೆ ಗಟ್ಟಿಯಾಗುತ್ತದೆ. ಹಿಗ್ಗದ ನಾಳಕ್ಕೆ ರಕ್ತ ನುಗ್ಗಿದಾಗ ಮೇಲಿನ ಸಂಖ್ಯೆ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಅದಕ್ಕೇ ಹಿರಿಯರಲ್ಲಿ 165/70 ಥರದ ಜೋಡಿ ಕಾಣುತ್ತೇವೆ. "ಕೆಳಗಿನದು ನಾರ್ಮಲ್ ಇದೆಯಲ್ಲ" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಈ ವಯಸ್ಸಿನಲ್ಲಿ ಲಕ್ವ, ಹೃದಯದ ತೊಂದರೆ ಎರಡಕ್ಕೂ ಮುಖ್ಯವಾಗಿ ನೋಡಬೇಕಾದ್ದು ಮೇಲಿನ ಸಂಖ್ಯೆಯನ್ನೇ.

ಇನ್ನೊಂದು ಬದಲಾವಣೆ ಮಷಿನ್ನಿನಲ್ಲಿ ಸುಮ್ನೆ ಕಾಣುವುದಿಲ್ಲ. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ನಾಳದಲ್ಲಿರುವ ನರಗಳು ಅದನ್ನು ಗುರುತಿಸಿ ಕ್ಷಣದಲ್ಲಿ ನಾಡಿ ಏರಿಸುತ್ತವೆ, ನಾಳಗಳನ್ನು ಬಿಗಿ ಮಾಡುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ವಯಸ್ಸಾದಾಗ ಈ ಕೆಲಸ ನಿಧಾನವಾಗುತ್ತದೆ. ಬಹಳ ವರ್ಷದ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಇದ್ದರೆ ಇನ್ನೂ ನಿಧಾನ. ಆಗ ಕೂತಾಗ 150 ಇದ್ದ ಬಿಪಿ ನಿಂತ ಒಂದೇ ನಿಮಿಷದಲ್ಲಿ 120ಕ್ಕೆ ಜಾರಬಹುದು. ಅಂದರೆ ಹೈ ಬಿಪಿ, ಲೋ ಬಿಪಿ ಎರಡೂ ಒಬ್ಬರಲ್ಲೇ, ಒಂದೇ ಬೆಳಿಗ್ಗೆ ಇರಬಹುದು.

ಹಂತ 2: ಮಷಿನ್ ಆರಿಸುವುದು

ತೋಳಿಗೆ ಪಟ್ಟಿ ಕಟ್ಟುವ ಆಟೋಮ್ಯಾಟಿಕ್ ಮಷಿನ್ ತೆಗೆದುಕೊಳ್ಳಿ. ಮಣಿಕಟ್ಟಿನದ್ದು, ಬೆರಳಿನದ್ದು, ವಾಚಿನದ್ದು ಬೇಡ. ಯಾವ ಮಾಡೆಲ್‌ಗಳನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ ಅಂತ ಸ್ಟ್ರೈಡ್ ಬಿಪಿ ಅನ್ನುವ ಅಂತರರಾಷ್ಟ್ರೀಯ ವೆಬ್‌ಸೈಟ್ ಪಟ್ಟಿ ಕೊಡುತ್ತದೆ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಅಲ್ಲಿ ಹುಡುಕಿ ನೋಡಿ.

ಮಷಿನ್ನಿಗಿಂತ ಜನ ಜಾಸ್ತಿ ಎಡವುವುದು ಪಟ್ಟಿಯ ಅಳತೆಯಲ್ಲಿ. ಭುಜ ಮತ್ತು ಮೊಣಕೈ ನಡುವಿನ ಜಾಗಕ್ಕೆ ಟೇಪ್ ಸುತ್ತಿ ಎಷ್ಟು ಸೆಂಟಿಮೀಟರ್ ಅಂತ ನೋಡಿ. ಪಟ್ಟಿಯ ಮೇಲೆ ಯಾವ ಅಳತೆಗೆ ಅಂತ ಬರೆದಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಸೊರಗಿದ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಕಡಿಮೆ ತೋರಿಸುತ್ತದೆ. ಎಂಬತ್ತರ ಹತ್ತಿರದ ಬಡಕಲು ಅಜ್ಜಿಯರಿಗೆ ಎಷ್ಟೋ ಸಲ ಚಿಕ್ಕ ಪಟ್ಟಿಯೇ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಮಷಿನ್ ಜೊತೆಯಲ್ಲೇ ಡಾಕ್ಟರ್ ಹತ್ತಿರ ಒಯ್ದು, ಅವರ ಅಳತೆಗೂ ಇದರದ್ದಕ್ಕೂ ತಾಳೆ ನೋಡಿ.

ಹಂತ 3: ಅಳೆಯುವ ರೀತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನದೆಲ್ಲ ಈ ಅಳತೆಯ ಮೇಲೆ ನಿಂತಿದೆ.

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ, ತಿಂಡಿ, ಮಾತ್ರೆ ಮೂರಕ್ಕೂ ಮೊದಲು ಅಳೆಯಿರಿ. ಸಂಜೆಯದು ರಾತ್ರಿ ಊಟಕ್ಕೆ ಮೊದಲು. ಅರ್ಧ ಗಂಟೆಯಿಂದ ಕಾಫಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಬೀಡಿ, ವಾಕಿಂಗ್ ಯಾವುದೂ ಆಗಿರಬಾರದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ. ಎರಡೂ ಪಾದ ನೆಲಕ್ಕೆ ತಾಗಿರಲಿ. ಕಾಲ ಮೇಲೆ ಕಾಲು ಬೇಡ. ಕುಳ್ಳಗಿರುವವರ ಪಾದ ನೇತಾಡಿದರೆ ಕೆಳಗೆ ಒಂದು ಮಣೆ ಇಡಿ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಬರಲಿ. ಮೇಜು ತಗ್ಗಿದ್ದರೆ ದಿಂಬು ಕೊಡಿ.

ಪಟ್ಟಿ ಬರಿ ತೋಳಿನ ಮೇಲೆ ಕಟ್ಟಬೇಕು. ಅಮ್ಮಂದಿರ ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ದಾರ ಬಿಗಿದ ಹಾಗಾಗಿ ಅಳತೆ ಕೆಡುತ್ತದೆ. ಅಳೆಯುವ ಹೊತ್ತಿಗೆ ಸಡಿಲ ನೈಟಿ ಇದ್ದರೆ ಸುಲಭ. ಪಟ್ಟಿಯ ಕೆಳಗಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಒಂದೆರಡು ಬೆರಳು ತೂರುವಷ್ಟು ಸಡಿಲ ಇರಲಿ. ಡಯಾಲಿಸಿಸ್‌ಗೆ ನಾಳ ಜೋಡಿಸಿರುವ ಕೈಯಲ್ಲಿ ಅಳೆಯಬಾರದು. ಸ್ತನದ ಕ್ಯಾನ್ಸರ್ ಆಪರೇಷನ್ ಆಗಿದ್ದರೆ ಆ ಬದಿಯ ಕೈಯನ್ನೂ ಬಿಡಿ.

ಮಷಿನ್ ಓಡುವಾಗ ಯಾರೂ ಮಾತಾಡಬಾರದು. ಇದು ಅತಿ ಕಷ್ಟದ ನಿಯಮ, ಅಲ್ವಾ? "ಎಷ್ಟು ಬಂತು, ಎಷ್ಟು ಬಂತು" ಅಂತ ಕೇಳುತ್ತಲೇ ಇರುತ್ತಾರೆ. ಮಾತಾಡಿದರೆ, ಮೂತ್ರ ಕಟ್ಟಿಕೊಂಡು ಕೂತರೆ, ತೋಳು ಜೋತುಬಿದ್ದಿದ್ದರೆ ಒಂದೊಂದಕ್ಕೂ ಸುಮಾರು 10ರವರೆಗೆ ಏರಬಹುದು. ಮೂರೂ ಸೇರಿದರೆ ಇಲ್ಲದ ಕಾಯಿಲೆ ಕಾಣಿಸುತ್ತದೆ.

ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ. ಎರಡನ್ನೂ ಬರೆದುಕೊಳ್ಳಿ. ಮೊದಲ ದಿನ ಎರಡೂ ತೋಳು ನೋಡಿ, ಯಾವುದರಲ್ಲಿ ಹೆಚ್ಚು ಬಂತೋ ಆಮೇಲೆ ಯಾವಾಗಲೂ ಅದನ್ನೇ ಬಳಸಿ. ಎರಡು ತೋಳಿನ ನಡುವೆ ಮತ್ತೆ ಮತ್ತೆ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಿ. ಮಷಿನ್ನಿನಲ್ಲಿ ನಾಡಿ ತಾಳ ತಪ್ಪಿದ ಗುರುತು ಪದೇ ಪದೇ ಮಿನುಗಿದರೂ ಹೇಳಿ. ಅದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ತೊಂದರೆ ಇರಬಹುದು. ಲಕ್ವಕ್ಕೆ ಅದೂ ಒಂದು ದೊಡ್ಡ ಕಾರಣ, ಇಸಿಜಿ ತೆಗೆದರೆ ಗೊತ್ತಾಗುತ್ತದೆ.

ಹಂತ 4: ಏಳು ದಿನದ ನೋಟ್‌ಬುಕ್

ಒಂದು ಅಳತೆ ನೋಡಿ ಏನನ್ನೂ ತೀರ್ಮಾನಿಸಬೇಡಿ. ಬಿಪಿ ದಿನವಿಡೀ ಏರಿಳಿಯುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ, ಮಂಡಿ ನೋವು ಜಾಸ್ತಿ ಇದ್ದರೆ, ದೂರದಲ್ಲಿರುವ ಮಗಳ ಫೋನ್ ಬಾರದಿದ್ದರೆ ಏರುತ್ತದೆ. ಡಾಕ್ಟರ್ ಮುಂದೆ ಕೂತಾಗ ಮಾತ್ರ ಏರುವವರಿದ್ದಾರೆ. ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಇದು ಹೆಚ್ಚು ಅಪಾಯ, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಡಾಕ್ಟರನ್ನು ಕಾಣುವ ಹಿಂದಿನ ವಾರ ಏಳು ದಿನ, ಬೆಳಿಗ್ಗೆ ಎರಡು, ಸಂಜೆ ಎರಡು ಅಳತೆ ಬರೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಹೈ ಬಿಪಿ ಅಂತ ಲೆಕ್ಕ. ಕ್ಲಿನಿಕ್ಕಿನಲ್ಲಿ ಅದೇ ಗೆರೆ 140/90. ಉಳಿದ ವಾರಗಳಲ್ಲಿ ದಿನಾ ಅಳೆಯುವ ಅಗತ್ಯ ಇಲ್ಲ. ಎಲ್ಲ ಸರಿಯಿದ್ದರೆ ವಾರಕ್ಕೆ ಒಂದೆರಡು ದಿನ ಸಾಕು. ದಿನಕ್ಕೆ ಹತ್ತು ಸಲ ಪಟ್ಟಿ ಕಟ್ಟಿಕೊಳ್ಳುವ ಹಿರಿಯರಿದ್ದಾರೆ. ಆ ಆತಂಕಕ್ಕೇ ಬಿಪಿ ಏರುತ್ತದೆ. ಅಂಥವರ ಮಷಿನ್ ಬೀರುವಿನಲ್ಲಿಟ್ಟು, ಅಳೆಯುವ ದಿನ ಮಾತ್ರ ತೆಗೆಯುವುದು ಒಳ್ಳೆಯದು.

ನೋಟ್‌ಬುಕ್ಕಿನ ಒಂದು ದಿನ ಹೀಗಿದೆ ಅಂದುಕೊಳ್ಳಿ:

ಮಂಗಳವಾರ, ಬೆಳಿಗ್ಗೆ 6.40
ಕೂತು: 152/74, 146/72, ನಾಡಿ 68
ನಿಂತು ಒಂದು ನಿಮಿಷ: 124/66, ನಾಡಿ 72
ನಿಂತು ಮೂರು ನಿಮಿಷ: 128/68
ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದರು. ನಿಂತಾಗ ಗೋಡೆ ಹಿಡಿದುಕೊಂಡರು.

152 ಮಾತ್ರ ಡಾಕ್ಟರಿಗೆ ಹೇಳಿದ್ದರೆ ಮಾತ್ರೆ ಏರಿಸುತ್ತಿದ್ದರು, ಅದರಲ್ಲಿ ತಪ್ಪೂ ಇಲ್ಲ. ಪೂರ್ತಿ ಪುಟ ನೋಡಿದರೆ ವಿಷಯ ಬೇರೆ. ಎದ್ದು ನಿಂತಾಗ 20ಕ್ಕಿಂತ ಜಾಸ್ತಿ ಇಳಿದಿದೆ, ಅದಕ್ಕೆ ತಕ್ಕ ಹಾಗೆ ನಾಡಿ ಏರಿಲ್ಲ, ಗೋಡೆ ಹಿಡಿಯುವ ಸ್ಥಿತಿ ಇದೆ, ರಾತ್ರಿ ಕತ್ತಲಲ್ಲಿ ಮೂರು ಸಲ ಏಳುತ್ತಿದ್ದಾರೆ. ಇಲ್ಲಿ ಮಾತ್ರೆ ಸುಮ್ನೆ ಏರಿಸಿದರೆ ಬೀಳುವುದು ಗ್ಯಾರಂಟಿ ಅನ್ನುವಷ್ಟು ಹತ್ತಿರ. ಕೊನೆಯ ಸಾಲನ್ನು ಯಾವ ಮಷಿನ್ನೂ ಬರೆಯುವುದಿಲ್ಲ, ಜೊತೆಗಿರುವವರೇ ಬರೆಯಬೇಕು.

ಹಂತ 5: ನಿಲ್ಲಿಸಿ ಅಳೆಯುವುದು

ಇಷ್ಟು ಸುಲಭದ ಪರೀಕ್ಷೆಯನ್ನು ಗಡಿಬಿಡಿಯ ಕ್ಲಿನಿಕ್ಕಿನಲ್ಲಿ ಬಹಳ ಸಲ ಮಾಡುವುದೇ ಇಲ್ಲ. ಮನೆಯಲ್ಲಿ ನೀವೇ ಮಾಡಬಹುದು, ಒಬ್ಬರು ಪಕ್ಕದಲ್ಲಿ ಇರಲೇಬೇಕು. ಐದು ನಿಮಿಷ ಮಲಗಿಸಿ ಅಥವಾ ಕೂರಿಸಿ ಅಳೆಯಿರಿ. ಪಟ್ಟಿ ಬಿಚ್ಚದೆ ಎದ್ದು ನಿಲ್ಲಿಸಿ. ಹಿಂದೆ ಕುರ್ಚಿ, ಮುಂದೆ ಹಿಡಿಯಲು ಮೇಜು ಇರಲಿ. ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ಅಳೆಯಿರಿ. ತೋಳನ್ನು ನೀವು ಎದೆಯ ಮಟ್ಟಕ್ಕೆ ಹಿಡಿದುಕೊಳ್ಳಿ. ತಲೆ ಸುತ್ತಿದರೆ, ಮಂಜು ಕವಿದ ಹಾಗೆ ಆದರೆ ಕೂಡಲೇ ಕೂರಿಸಿ, ಅಳತೆ ಪೂರ್ತಿ ಆಗದಿದ್ದರೂ ಪರವಾಗಿಲ್ಲ.

ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ, ನಿಂತಾಗ ಬಿಪಿ ಕುಸಿಯುವ ತೊಂದರೆ ಇದೆ ಅಂತ. ತಲೆ ಸುತ್ತದಿದ್ದರೂ ಇದು ಇರಬಹುದು. ಕೆಲವರಿಗೆ ಸುತ್ತುವ ಬದಲು ಭುಜ, ಕುತ್ತಿಗೆ ಹಿಂದೆ ಭಾರ ಅನಿಸುತ್ತದೆ, ಕಾಲಿನ ಶಕ್ತಿ ಹೋದ ಹಾಗಾಗುತ್ತದೆ. "ಪಿತ್ತ ಏರಿದೆ" ಅಂತ ತಳ್ಳಿಹಾಕುವ ಎಷ್ಟೋ ತಲೆಸುತ್ತು ಇದೇ ಆಗಿರುತ್ತದೆ.

ಇದು ಕಂಡರೆ ನೀವಾಗಿ ಬಿಪಿ ಮಾತ್ರೆ ನಿಲ್ಲಿಸಬೇಡಿ. ವಿಚಿತ್ರ ಅನಿಸಬಹುದು, ಆದರೆ ಹಿಡಿತಕ್ಕೆ ಬಾರದ ಹೈ ಬಿಪಿಯಿಂದಲೇ ನಿಂತಾಗಿನ ಕುಸಿತ ಜಾಸ್ತಿಯಾಗುವುದುಂಟು. ಡಾಕ್ಟರ್ ಒಂದು ಮಾತ್ರೆಯ ಬದಲು ಇನ್ನೊಂದು ಕೊಡಬಹುದು, ಹೊತ್ತು ಬದಲಿಸಬಹುದು, ಅಥವಾ ತಪ್ಪಿತಸ್ಥ ಬಿಪಿಯದ್ದಲ್ಲದ ಬೇರೆ ಯಾವುದೋ ಮಾತ್ರೆ ಅಂತ ಗೊತ್ತಾಗಬಹುದು.

ಊಟವಾದ ಮೇಲೆ ಕುಸಿಯುವವರೂ ಇದ್ದಾರೆ. ಉಂಡ ಎರಡು ಗಂಟೆಯೊಳಗೆ ರಕ್ತ ಹೊಟ್ಟೆಯ ಕಡೆ ಹೋಗಿ ಬಿಪಿ ಇಳಿಯುತ್ತದೆ. ಮದುವೆ ಊಟ ಮುಗಿಸಿ ಪಂಕ್ತಿಯಿಂದ ಏಳುವಾಗ ಅಜ್ಜ ತೂರಾಡಿದರೆ ಇದನ್ನು ನೆನಪಿಸಿಕೊಳ್ಳಿ. ಅನ್ನ ಕಡಿಮೆ ಮಾಡಿ ಸ್ವಲ್ಪ ಸ್ವಲ್ಪ ಹೆಚ್ಚು ಸಲ ಉಂಡರೆ, ಉಂಡ ಮೇಲೆ ಅರ್ಧ ಗಂಟೆ ಕೂತರೆ ಎಷ್ಟೋ ಸುಧಾರಿಸುತ್ತದೆ.

ಹಂತ 6: ಎಷ್ಟಿರಬೇಕು ಅನ್ನುವ ಪ್ರಶ್ನೆ

ಎಲ್ಲರಿಗೂ ಒಂದೇ ಸಂಖ್ಯೆ ಇಲ್ಲ. ಭಾರತದ ಹೈ ಬಿಪಿ ನಿಯಂತ್ರಣ ಕಾರ್ಯಕ್ರಮ 2017ರಲ್ಲಿ ಶುರುವಾಗಿ ಇಟ್ಟುಕೊಂಡ ಗುರಿ 140/90ಕ್ಕಿಂತ ಕೆಳಗೆ. 65ರಿಂದ 79ರ ನಡುವೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರಿಗೆ ತಡೆದುಕೊಳ್ಳುವ ಹಾಗಿದ್ದರೆ 130ರ ಹತ್ತಿರಕ್ಕೆ ತರಬಹುದು ಅಂತ ಈಗ ಬಹಳ ಡಾಕ್ಟರುಗಳು ಹೇಳುತ್ತಾರೆ. 80 ದಾಟಿದವರಲ್ಲಿ 140ರಿಂದ 150ರ ನಡುವೆ ಇದ್ದರೂ ಯುರೋಪಿನ ಕೆಲವು ಮಾರ್ಗಸೂಚಿಗಳು ಒಪ್ಪುತ್ತವೆ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು, ಪದೇ ಪದೇ ಬೀಳುವವರಿಗೆ ಗುರಿ ಇನ್ನೂ ಸಡಿಲ.

ನನ್ನ ಮಾತು ಕೇಳುವುದಾದರೆ ಡಾಕ್ಟರ್ ಹತ್ತಿರ ಹೋದಾಗ ಎರಡು ಪ್ರಶ್ನೆ ತಪ್ಪದೆ ಕೇಳಿ. "ನಮ್ಮ ಅಮ್ಮನಿಗೆ ಎಷ್ಟಿರಬೇಕು?" ಅನ್ನುವುದು ಒಂದು. "ಎಷ್ಟಕ್ಕಿಂತ ಕೆಳಗೆ ಹೋದರೆ ನಿಮಗೆ ಫೋನ್ ಮಾಡಬೇಕು?" ಅನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ. ಕೆಳಗಿನ ಸಂಖ್ಯೆ 60ಕ್ಕಿಂತ ಕೆಳಗೇ ಇರುತ್ತಿದ್ದರೆ, ಅದರಲ್ಲೂ ಹೃದಯದ ಕಾಯಿಲೆ ಇದ್ದರೆ, ಅದನ್ನೂ ಹೇಳಿ.

ಹಂತ 7: ಮಾತ್ರೆಯ ಡಬ್ಬಿ ಸುರಿದು ನೋಡಿ

ಒಂದು ಭಾನುವಾರ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿ. ಬಿಪಿಯದ್ದು ಮಾತ್ರ ಸಾಲದು. ಮಂಡಿಯದ್ದು, ನಿದ್ದೆಯದ್ದು, ಗ್ಯಾಸಿನದ್ದು, ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ.

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಬ್ರ್ಯಾಂಡ್ ಹೆಸರು ದೊಡ್ಡದಾಗಿರುತ್ತದೆ. ಅದರ ಕೆಳಗೆ ಚಿಕ್ಕದಾಗಿರುವ ಔಷಧಿಯ ಹೆಸರು ಓದಿ. ಬ್ರ್ಯಾಂಡಿನ ಕೊನೆಗೆ ಎಎಂ ಅಂತಿದ್ದರೆ ಸಾಮಾನ್ಯವಾಗಿ ಅದರಲ್ಲಿ ಬಿಪಿ ಇಳಿಸುವ ಅಮ್ಲೋಡಿಪಿನ್ ಸೇರಿರುತ್ತದೆ, ಎಚ್ ಅಂತಿದ್ದರೆ ಮೂತ್ರ ಹೋಗಿಸುವ ಹೈಡ್ರೋಕ್ಲೋರೋಥಯಾಜೈಡ್. ಇಲ್ಲೇ ಎಡವಟ್ಟಾಗುವುದು. ಹೊಸ ಡಾಕ್ಟರ್ ಬಿಪಿಯ ಇನ್ನೊಂದು ಔಷಧಿ ಟೆಲ್ಮಿಸಾರ್ಟನ್ ಜೊತೆ ಅಮ್ಲೋಡಿಪಿನ್ ಇರುವ ಒಂದೇ ಮಾತ್ರೆ ಬರೆದಿರುತ್ತಾರೆ. ಹಳೇ ಚೀಟಿಯ ಅಮ್ಲೋಡಿಪಿನ್ ಬೇರೆ ಬ್ರ್ಯಾಂಡಿನ ಹೆಸರಲ್ಲಿ ಡಬ್ಬಿಯಲ್ಲೇ ಉಳಿದಿರುತ್ತದೆ. ಹಿರಿಯರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿರುತ್ತಾರೆ. ಹೀಗೆ ಒಂದೇ ಔಷಧಿ ಎರಡು ಕಡೆ ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಯಾವ ಮಾತ್ರೆಯಿಂದ ಏನು ತೊಂದರೆ ಬರಬಹುದು ಅಂತ ಸ್ವಲ್ಪ ತಿಳಿದಿರಲಿ. ಅಮ್ಲೋಡಿಪಿನ್‌ನಿಂದ ಕಾಲಿನ ಗಂಟಿನ ಹತ್ತಿರ ಊತ ಬರಬಹುದು. ರಾಮಿಪ್ರಿಲ್, ಎನಾಲಪ್ರಿಲ್‌ನಿಂದ ಬಿಡದ ಒಣ ಕೆಮ್ಮು. ಮೂತ್ರದ ಮಾತ್ರೆಗಳಿಂದ ಮೈಯ ಸೋಡಿಯಂ ಇಳಿದು ಹಿರಿಯರಿಗೆ ಮಂಪರು, ಗೊಂದಲ ಬರುತ್ತದೆ, ಮನೆಯವರು ಅರಳುಮರಳು ಅಂದುಕೊಳ್ಳುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಿಂದ ನಾಡಿ ನಿಧಾನವಾಗುತ್ತದೆ. ಈ ಎರಡನ್ನೂ, ಕ್ಲೊನಿಡಿನ್ ಅನ್ನೂ ದಿಢೀರ್ ನಿಲ್ಲಿಸುವುದು ಅಪಾಯ. ಊರಿಗೆ ಹೋಗುವಾಗ ನಾಲ್ಕು ದಿನದ್ದು ಜಾಸ್ತಿಯೇ ಕಟ್ಟಿಕೊಡಿ.

ಮೇಲಿನ ನೋಟ್‌ಬುಕ್ಕಿನ ಮನೆಗೆ ಬರೋಣ. ರಾತ್ರಿ ಮೂರು ಸಲ ಏಳುವ ಆ ಹಿರಿಯರ ಡಬ್ಬಿಯಲ್ಲಿ ಪ್ರಾಸ್ಟೇಟ್‌ಗೆ ಕೊಟ್ಟ ಟ್ಯಾಮ್ಸುಲೋಸಿನ್ ಇರಬಹುದು. ಅದೂ ಬಿಪಿ ಇಳಿಸುತ್ತದೆ. ಅದೇ ಜಾತಿಯ ಪ್ರಾಜೋಸಿನ್ ಇನ್ನೂ ಜಾಸ್ತಿ ಇಳಿಸುತ್ತದೆ. ಮೂತ್ರದ ಮಾತ್ರೆಯನ್ನು ಸಂಜೆ ನುಂಗುತ್ತಿದ್ದರೆ ರಾತ್ರಿ ಏಳುವುದು ಸಹಜ. ಬೆಳಿಗ್ಗೆಗೆ ಬದಲಿಸಬಹುದೇ ಅಂತ ಕೇಳಿ. ಬಿಪಿ ಮಾತ್ರೆ ರಾತ್ರಿಯೇ ನುಂಗಿದರೆ ಹೆಚ್ಚು ಲಾಭ ಅನ್ನುವ ಮಾತು ಕೆಲವು ವರ್ಷ ಜೋರಾಗಿತ್ತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಬಂದ ಟೈಮ್ ಅಧ್ಯಯನ ಬೆಳಿಗ್ಗೆ, ರಾತ್ರಿ ನಡುವೆ ವ್ಯತ್ಯಾಸ ಇಲ್ಲ ಅಂತ ತೋರಿಸಿತು. ಮರೆಯದೆ ನುಂಗಲು ಯಾವ ಹೊತ್ತು ಅನುಕೂಲವೋ ಅದು ಸರಿ.

ಬಿಪಿ ಏರಿಸುವ ಮಾತ್ರೆಗಳೂ ಆ ಮೇಜಿನ ಮೇಲೇ ಇರುತ್ತವೆ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಟೆಲ್ಮಿಸಾರ್ಟನ್ ಥರದ ಮಾತ್ರೆ ಮತ್ತು ಮೂತ್ರದ ಮಾತ್ರೆ ಎರಡರ ಜೊತೆ ಇದೂ ಸೇರಿದರೆ ಕಿಡ್ನಿ ಸೋಲುವ ಅಪಾಯ ಇದೆ. ನೆಗಡಿ ಮಾತ್ರೆಯಲ್ಲಿರುವ ಫಿನೈಲ್‌ಎಫ್ರಿನ್, ನೀರಿಗೆ ಹಾಕಿದರೆ ನೊರೆ ಬರುವ ಗ್ಯಾಸ್ ಪುಡಿ, ಕೆಮ್ಮಿಗೆ ದಿನಾ ಅಗಿಯುವ ಜ್ಯೇಷ್ಠಮಧು, ಸ್ಟೀರಾಯ್ಡ್ ಮಾತ್ರೆ, ಇವೂ ಏರಿಸಬಲ್ಲವು.

"ಬಿಪಿ ನಾರ್ಮಲ್ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?" ಅಂತ ಎಲ್ಲ ಮನೆಯಲ್ಲೂ ಕೇಳುತ್ತಾರೆ. ಮಾತ್ರೆ ನುಂಗುತ್ತಿರುವುದಕ್ಕೇ ನಾರ್ಮಲ್ ಆಗಿದೆ ಅಂತ ತಾಳ್ಮೆಯಿಂದ ಹೇಳಿ. ಖರ್ಚಿನ ಚಿಂತೆಯಿಂದ ದಿನ ಬಿಟ್ಟು ದಿನ ನುಂಗುವವರೂ ಇದ್ದಾರೆ, ಮಕ್ಕಳಿಗೆ ಹೇಳುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಬಿಪಿ ನೋಡುವುದೂ ಮಾತ್ರೆಯೂ ಉಚಿತ. ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿಗಳು ಬಹಳ ಅಗ್ಗ. ಮಾತ್ರೆ ಶುರು ಮಾಡಿದಾಗ, ಪ್ರಮಾಣ ಬದಲಿಸಿದಾಗ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಸೋಡಿಯಂ, ಪೊಟ್ಯಾಷಿಯಂ ಪರೀಕ್ಷೆ ಬೇಕೇ ಅಂತ ಕೇಳಿ ತಿಳಿದುಕೊಳ್ಳಿ.

ಹಂತ 8: ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ

ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ಅಡುಗೆ ಮನೆಯಲ್ಲಿ ಗ್ರಾಂ ಅಳೆಯುವವರು ಯಾರು? ಇನ್ನೊಂದು ದಾರಿ ಇದೆ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ 5 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ 600 ಗ್ರಾಂ. ಅಂದರೆ ಒಂದು ಕಿಲೋ 50 ದಿನ ಬರಬೇಕು. ಇಬ್ಬರೇ ಇದ್ದರೆ 100 ದಿನ. ತಿಂಗಳೊಳಗೇ ಖಾಲಿಯಾದರೆ ಎಷ್ಟು ಹೆಚ್ಚಾಗುತ್ತಿದೆ ಅಂತ ನೀವೇ ನೋಡುತ್ತೀರಿ. ಇದರಲ್ಲಿ ಹೊರಗಿಂದ ತಂದ ಖಾರ ಬಿಸ್ಕತ್ತು, ಕಾಂಗ್ರೆಸ್ ಕಡಲೆಬೀಜ, ಕೋಡುಬಳೆ, ಅಂಗಡಿ ಉಪ್ಪಿನಕಾಯಿ ಸೇರಿಲ್ಲ.

ನಮ್ಮ ಊಟದಲ್ಲಿ ಉಪ್ಪು ಜಾಸ್ತಿ ಅಡಗಿರುವುದು ತಟ್ಟೆಯ ಅಂಚಿನಲ್ಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಚಟ್ನಿಪುಡಿ, ಕರಾವಳಿಯಲ್ಲಿ ಒಣಮೀನು. ಸಾರು, ಪಲ್ಯದ ಉಪ್ಪನ್ನು ಒಂದೇ ದಿನ ಅರ್ಧ ಮಾಡಿದರೆ ಹಿರಿಯರು ಊಟವನ್ನೇ ಬಿಡುತ್ತಾರೆ. ಮೊದಲು ಅಂಚಿನದ್ದನ್ನು ಕಡಿಮೆ ಮಾಡಿ. ಆಮೇಲೆ ವಾರ ವಾರಕ್ಕೆ ಒಂದು ಚಿಟಿಕೆ ಇಳಿಸಿ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆ, ಹುಣಸೆ, ಪುನರ್ಪುಳಿ, ಮಾವಿನಕಾಯಿ, ಹುರಿದ ಜೀರಿಗೆ, ಕಾಳುಮೆಣಸು ರುಚಿ ಎತ್ತಿಕೊಡುತ್ತವೆ. ಮಜ್ಜಿಗೆಗೆ ಉಪ್ಪಿಲ್ಲದೆ ಶುಂಠಿ, ಕರಿಬೇವು ಹಾಕಿ. ಅನ್ನಕ್ಕೆ ಉಪ್ಪು ಹಾಕುವ ಅಭ್ಯಾಸವಿದ್ದರೆ ಬಿಡಿ.

ಸೈಂಧವ ಲವಣ, ಕಲ್ಲುಪ್ಪು ತಿಂದರೆ ಬಿಪಿ ಬರುವುದಿಲ್ಲ ಅನ್ನುವುದು ಸುಳ್ಳು. ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಪೊಟ್ಯಾಷಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಬೇರೆ ವಿಷಯ, ಅದು ಬಿಪಿ ಇಳಿಸುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಪೊಟ್ಯಾಷಿಯಂ ಏರಿ ಹೃದಯದ ತಾಳ ತಪ್ಪಬಹುದು. ಕೇಳದೆ ಬಳಸಬೇಡಿ. ಎಳನೀರಿನಲ್ಲೂ ಪೊಟ್ಯಾಷಿಯಂ ಇದೆ, ದಿನಾ ಕುಡಿಯುವ ಮೊದಲೂ ಇವರು ಕೇಳಬೇಕು.

ಊಟವೇ ಸೇರದೆ ಸೊರಗಿರುವ, ಸೋಡಿಯಂ ಒಮ್ಮೆ ಇಳಿದಿದ್ದ ಹಿರಿಯರ ತಟ್ಟೆಯಿಂದ ಉಪ್ಪು ತೆಗೆಯುವ ಹಟ ಬೇಡ. ಅವರಿಗೆ ಊಟ ಮುಖ್ಯ.

ಹಂತ 9: ಏಳುವುದು, ಕೂರುವುದು, ಸ್ನಾನ, ಉಪವಾಸ

ಬೆಳಿಗ್ಗೆ ಹಾಸಿಗೆಯಿಂದ ಒಂದೇ ಸಲ ಏಳಬಾರದು. ಮಲಗಿದಲ್ಲೇ ಪಾದ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ. ಪಕ್ಕಕ್ಕೆ ಹೊರಳಿ ಎದ್ದು ಕೂತು ಒಂದೆರಡು ನಿಮಿಷ ಕಾಲು ಇಳಿಬಿಡಲಿ. ಒಂದು ಲೋಟ ನೀರು ಕುಡಿದು, ಮುಷ್ಟಿ ಬಿಗಿದು ಬಿಟ್ಟು, ಆಮೇಲೆ ನಿಲ್ಲಲಿ. ಹೃದಯ ಅಥವಾ ಕಿಡ್ನಿ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಅದರೊಳಗೇ. ರಾತ್ರಿ ದಾರಿಗೆ ಸಣ್ಣ ದೀಪ, ಕಕ್ಕಸಿನಲ್ಲಿ ಹಿಡಿಕೆ, ಹಾಸಿಗೆ ಪಕ್ಕ ಮೂತ್ರದ ಪಾತ್ರೆ ಇದ್ದರೆ ಅರ್ಧ ಅಪಾಯ ಕಳೆಯಿತು. ದೇವಸ್ಥಾನದಲ್ಲಿ ಅಡ್ಡಬಿದ್ದು ಏಳುವಾಗ, ನೆಲದ ಕಕ್ಕಸಿನಿಂದ ಏಳುವಾಗ ಯಾರಾದರೂ ಕೈ ಕೊಡಿ. ಎಣ್ಣೆ ಸ್ನಾನದ ದಿನ ಸುಡುಸುಡು ನೀರು ಬೇಡ. ಬಿಸಿಗೆ ನಾಳ ಹಿಗ್ಗಿ ಬಿಪಿ ಕುಸಿಯುತ್ತದೆ. ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಲಿ, ಬಾಗಿಲಿಗೆ ಚಿಲಕ ಬೇಡ.

ಏಕಾದಶಿ, ರಂಜಾನ್ ಉಪವಾಸ, ರಾಯಚೂರು ಕಲಬುರಗಿಯ ಏಪ್ರಿಲ್ ಮೇ ಬಿಸಿಲು, ವಾಂತಿ ಭೇದಿ, ಈ ದಿನಗಳಲ್ಲಿ ಮೈಯ ನೀರು ಇಳಿಯುತ್ತದೆ. ಎಂದಿನ ಮಾತ್ರೆಯೇ ಜಾಸ್ತಿಯಾಗಿ ಬಿಡುತ್ತದೆ. ಭೇದಿಯಾದಾಗ ಮೂತ್ರದ ಮಾತ್ರೆ, ಟೆಲ್ಮಿಸಾರ್ಟನ್ ಥರದ ಮಾತ್ರೆಗಳನ್ನು ಕೆಲವು ದಿನ ತಡೆಯಬೇಕಾಗಬಹುದು. ಯಾವುದನ್ನು ತಡೆಯಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಂಡರೆ ಆ ಹೊತ್ತಿಗೆ ಪರದಾಡುವುದು ತಪ್ಪುತ್ತದೆ. ಚಳಿಗಾಲದಲ್ಲಿ ಉಲ್ಟಾ, ಬಿಪಿ ಏರುತ್ತದೆ. ಹಾಗಾಗಿ ಏಳು ದಿನದ ನೋಟ್‌ಬುಕ್ಕನ್ನು ಬೇಸಿಗೆಯಲ್ಲೊಮ್ಮೆ, ಚಳಿಯಲ್ಲೊಮ್ಮೆ ತಪ್ಪದೆ ಬರೆಯಿರಿ.

ನಡಿಗೆ ವಾರದಲ್ಲಿ ಐದು ದಿನ, ಅರ್ಧ ಗಂಟೆ. ಒಟ್ಟಿಗೆ ಆಗದಿದ್ದರೆ ಹತ್ತತ್ತು ನಿಮಿಷ. ಹೊಗೆಸೊಪ್ಪು ಬಿಡಿಸಿ. ಜೋರು ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗಾದರೆ ಡಾಕ್ಟರಿಗೆ ಹೇಳಿ, ಮಾತ್ರೆಗೆ ಬಗ್ಗದ ಬಿಪಿಯ ಹಿಂದೆ ಅದು ಇರಬಹುದು.

ಹಂತ 10: ಯಾವಾಗ ಓಡಬೇಕು, ಯಾವಾಗ ಕಾಯಬೇಕು

ಮಷಿನ್ 190 ತೋರಿಸಿತು, ಆದರೆ ಅಜ್ಜಿ ಆರಾಮವಾಗಿ ಮಾತಾಡುತ್ತಿದ್ದಾರೆ. ಆಗ ಗಾಬರಿ ಬೇಡ. ಬೆಳಗಿನ ಮಾತ್ರೆ ತಪ್ಪಿತೇ, ಮೈಕೈ ನೋವಿದೆಯೇ, ಮೂತ್ರ ಕಟ್ಟಿದೆಯೇ ವಿಚಾರಿಸಿ. ಹದಿನೈದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿ. ಆಮೇಲೂ 180/120ರ ಮೇಲೇ ಇದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ನಾಲಿಗೆ ಕೆಳಗೆ ಮಾತ್ರೆ ಇಡುವುದು, ಎರಡನೇ ಮಾತ್ರೆ ಕೊಡುವುದು ಮಾಡಬೇಡಿ. ಹಿಂದೆ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಾಕುತ್ತಿದ್ದರು. ಬಿಪಿ ದಿಢೀರ್ ಬಿದ್ದು ಲಕ್ವ, ಹೃದಯಾಘಾತ ಆದದ್ದರಿಂದ ಅದನ್ನು ಕೈಬಿಟ್ಟರು.

ಎದೆ ನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದೆ ಬೀಳುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ದಿಢೀರ್ ಗೊಂದಲ. ಇವುಗಳಲ್ಲಿ ಒಂದು ಕಂಡರೂ ಬಿಪಿ ಎಷ್ಟೇ ಇರಲಿ, 108ಕ್ಕೆ ಫೋನ್ ಮಾಡಿ. ಲಕ್ವದ ಲಕ್ಷಣ ಇದ್ದರೆ ಮನೆಯಲ್ಲಿ ಬಿಪಿ ಇಳಿಸಲು ಹೋಗಬೇಡಿ, ಮಿದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.

ಬಿಪಿ ದಿಢೀರ್ 90ಕ್ಕೆ ಇಳಿದು ಮೈ ತಣ್ಣಗಾಗಿ ಬೆವೆತರೆ, ಜ್ವರದ ಜೊತೆ ಮಂಪರು ಬಂದರೆ, ಮಲ ಟಾರಿನ ಹಾಗೆ ಕಪ್ಪಗಾದರೆ ಉಪ್ಪಿನ ಶರಬತ್ತು ಮಾಡುತ್ತಾ ಕೂರಬೇಡಿ. ಒಳಗೆ ಸೋಂಕು, ರಕ್ತಸ್ರಾವ ಅಥವಾ ಹೃದಯಾಘಾತ ಆಗಿರಬಹುದು. ಇದಕ್ಕೂ 108. ಸಮತಟ್ಟಾಗಿ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಉಸಿರಾಟ ಕಷ್ಟವಿದ್ದರೆ ಮಾತ್ರ ಒರಗಿಸಿ ಕೂರಿಸಿ.

ನಿಮ್ಮ ಊರಿಗೆ ಹತ್ತಿರ ದಿನದ 24 ಗಂಟೆಯೂ ಸಿಟಿ ಸ್ಕ್ಯಾನ್ ಮಾಡುವ, ಲಕ್ವದ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಅಂತ ಈ ವಾರವೇ ವಿಚಾರಿಸಿ. ಅದರ ಹೆಸರು, ಫೋನ್ ನಂಬರ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದು, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.